ನಮ್ಮ ಸೀಮೆಗೊಂದು ಭೂಸಂಶೋಧನ ಶಾಲೆ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕಲ್ಲುಮಣ್ಣಿನ ಮಾತೇಕೆ ಎಂದು ವಾಚಕರಲ್ಲಿ ಕೆಲವರಿಗೆ ಅನ್ನಿಸಬಹುದು. ಕಾವ್ಯ, ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವರಿಗೆ ಭೂಗರ್ಭಶಾಸ್ತ್ರದ ಗೊಡವೆ ಏನು? ಅದು ಬೆಂಗಳೂರಿನ ವಿಜ್ಞಾನಿಗಳ ಕೆಲಸವಲ್ಲವೇ? ಪ್ರಶ್ನೆ ಸಹಜವಾದದ್ದೇ. ಆದರೆ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡಗಳೆಂಬ ಈ ನಾಲ್ಕು ತಾಲ್ಲೂಕುಗಳಲ್ಲಿ ಹುಟ್ಟಿ ಬೆಳೆದವರಿಗೆ ಕಲ್ಲಿನ ಗೊಡವೆ ಬೇಡವೆಂದರೂ ಬಿಡುವಂಥದಲ್ಲ. ನಾವು ಕುಡಿಯುವ ನೀರು ಕಲ್ಲಿನ ಬಿರುಕಿನಿಂದ ಬರುತ್ತದೆ. ನಮ್ಮ ಮನೆಗಳ ಸಾಲದಲ್ಲಿ ಬಹುಪಾಲು ಆ ಬಿರುಕನ್ನು ಹುಡುಕುವುದರಲ್ಲಿ ಆದದ್ದು. ಆದ್ದರಿಂದ ಈ ವಿಷಯವನ್ನು ವಿಜ್ಞಾನಿಗಳಿಗೆ ಬಿಟ್ಟು ಸುಮ್ಮನಿರುವುದು ನಮಗೆ ಸಲ್ಲದು. ಭೂಮಿ ಮತ್ತು ಪರಿಸರಗಳನ್ನು ಅಭ್ಯಸಿಸುವ ಒಂದು ಸಂಶೋಧನ ಸಂಸ್ಥೆ ಈ ಸೀಮೆಯಲ್ಲಿಯೇ ಆಗಬೇಕು, ಅದೂ ನೀರಿನ ಸಲುವಾಗಿ ಆಗಬೇಕು ಎಂಬುದು ಈ ಲೇಖನದ ವಾದ.

ಮೊದಲು ನಮ್ಮ ಅಜ್ಞಾನದ ಅಳತೆಯನ್ನು ನಾವೇ ತೆಗೆದುಕೊಳ್ಳೋಣ. ಸಿದ್ಧರಬೆಟ್ಟ, ಚನ್ನರಾಯನದುರ್ಗ, ಮಧುಗಿರಿ, ಮಿಡಿಗೇಶಿ, ನಿಡುಗಲ್ಲು, ಪಾವಗಡ - ಈ ಬೆಟ್ಟಗಳ ಕಥೆಯನ್ನು ನಾವು ಅಷ್ಟಿಷ್ಟು ಬಲ್ಲೆವು. ಯಾವ ಪಾಳೆಯಗಾರ ಎಲ್ಲಿ ಕೋಟೆ ಕಟ್ಟಿದ, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ಪರೀಕ್ಷೆಗೆ ಬರೆಯುವಷ್ಟು ತಿಳಿದಿದೆ. ಆದರೆ ಕೋಟೆಯನ್ನು ಹೊತ್ತ ಕಲ್ಲಿನ ಹೆಸರೇನು? ಕೇಳಿದರೆ ನೂರರಲ್ಲಿ ತೊಂಬತ್ತು ಮಂದಿ ಸುಮ್ಮನಾಗುತ್ತಾರೆ. ಅದಕ್ಕೆ ಕ್ಲೋಸ್‌ಪೇಟ್ ಗ್ರಾನೈಟ್ ಎಂದು ಹೆಸರು. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಎಂಬುವರ ಹೆಸರಿನಿಂದ ಇಂದಿನ ರಾಮನಗರವನ್ನು ಹಿಂದೆ ಕ್ಲೋಸ್‌ಪೇಟೆ ಎಂದು ಕರೆಯುತ್ತಿದ್ದರು. ಆ ಊರಿನ ಹೆಸರೇ ಕಲ್ಲಿಗೂ ಬಂತು. ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರು ಉದ್ದಕ್ಕೆ ಹರಡಿರುವ ಈ ಕಲ್ಲಿನ ಪಟ್ಟಿ ರಾಮನಗರದಿಂದ ದೇವರಾಯನದುರ್ಗದ ಮಗ್ಗುಲಾಗಿ ಹಾಯ್ದು, ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ದಾಟಿ ಬಳ್ಳಾರಿಯ ಕಡೆಗೆ ಹೋಗುತ್ತದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಮಧುಗಿರಿಯ ಏಕಶಿಲೆಯನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಜಗತ್ತಿನ ಭೂಗರ್ಭಶಾಸ್ತ್ರಜ್ಞರು ಇದೇ ಕಲ್ಲಿನ ಮೇಲೆ ಪ್ರಬಂಧಗಳನ್ನು ಬರೆದಿದ್ದಾರೆ. ನಾವು ಮಾತ್ರ ಅದರ ಮೇಲೆ ಸಂಡಿಗೆ ಒಣಗಿಸುತ್ತೇವೆ. ತಪ್ಪೇನಿಲ್ಲ, ಆದರೆ ಅಷ್ಟೇ ಸಾಲದು.

ನಮ್ಮ ನಾಡಿಗೆ ಭೂಗರ್ಭಶಾಸ್ತ್ರ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ಭೂಗರ್ಭ ಇಲಾಖೆ ಸ್ಥಾಪನೆಯಾದದ್ದು 1894ರಲ್ಲಿ. ಅದರ ಮೊದಲ ಮುಖ್ಯಸ್ಥರು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಶಿಲಾಯುಗದ ಕಲ್ಲಿನ ಆಯುಧವನ್ನು ಕಂಡುಹಿಡಿದು, ಭಾರತದ ಪ್ರಾಗಿತಿಹಾಸಕ್ಕೆ ಬಾಗಿಲು ತೆರೆದ ಮಹನೀಯರು ಅವರೇ. ಅವರ ತರುವಾಯ ಸ್ಮೀತ್ ಅವರೂ, ಅನಂತರ ನಮ್ಮವರೇ ಆದ ಪಂಡಿತರೂ ಹಳ್ಳಿ ಹಳ್ಳಿ ತಿರುಗಿ ಸಂಸ್ಥಾನದ ಕಲ್ಲುಗಳ ನಕ್ಷೆಯನ್ನು ಬರೆದರು. ಆ ಶ್ರಮ ಸಾಮಾನ್ಯವಾದುದಲ್ಲ. ಆದರೆ ಆ ಇಲಾಖೆಯ ಹಿಂದಿದ್ದ ಪ್ರೇರಣೆ ಯಾವುದು? ಕೋಲಾರದ ಚಿನ್ನ. 1880ರಿಂದ ಜಾನ್ ಟೇಲರ್ ಕಂಪನಿಯವರು ಅಲ್ಲಿ ಚಿನ್ನ ತೆಗೆಯತೊಡಗಿದ್ದರು. ಸಂಸ್ಥಾನದ ಬೊಕ್ಕಸಕ್ಕೆ ರಾಜಧನ ಬರುತ್ತಿತ್ತು. ಉಳಿದ ಕಡೆಯೂ ಇಂಥ ಸಂಪತ್ತು ಇದ್ದೀತೆಂಬ ಆಸೆ ಸಹಜವಾಗಿ ಹುಟ್ಟಿತು. ಹೀಗೆ ನಮ್ಮಲ್ಲಿ ನೆಲದ ಶಾಸ್ತ್ರ ಮೊದಲು ಬಂದದ್ದು ಚಿನ್ನದ ಬೆನ್ನು ಹಿಡಿದು. 2001ರಲ್ಲಿ ಆ ಚಿನ್ನದ ಗಣಿಗಳೂ ಮುಚ್ಚಿದವು.

ಎರಡನೆಯ ಸಲ ಶಾಸ್ತ್ರ ನಮ್ಮ ಬಾಗಿಲಿಗೇ ಬಂತು. ಕೊರಟಗೆರೆ ಮತ್ತು ಮಧುಗಿರಿಗಳ ಪೂರ್ವಕ್ಕೆ ಅಂಟಿಕೊಂಡಿರುವ ತಾಲ್ಲೂಕು ಗೌರಿಬಿದನೂರು. ಅಮೆರಿಕ, ರಷ್ಯ, ಬ್ರಿಟನ್ನುಗಳು 1963ರಲ್ಲಿ ಒಂದು ಒಪ್ಪಂದ ಮಾಡಿಕೊಂಡು ಗಾಳಿಯಲ್ಲಿ, ನೀರಿನಲ್ಲಿ, ಆಕಾಶದಲ್ಲಿ ಅಣುಬಾಂಬಿನ ಪರೀಕ್ಷೆ ಮಾಡಕೂಡದೆಂದು ನಿಷೇಧಿಸಿಕೊಂಡವು. ನೆಲದ ಒಳಗಿನ ಪರೀಕ್ಷೆ ಮಾತ್ರ ನಿಷೇಧದಿಂದ ಹೊರಗುಳಿಯಿತು. ಯಾರು ಎಲ್ಲಿ ನೆಲದಡಿಯಲ್ಲಿ ಬಾಂಬು ಸಿಡಿಸಿದರು, ಅದು ಬಾಂಬೋ ಭೂಕಂಪವೋ ಎಂದು ತಿಳಿಯಬೇಕಾದರೆ ನೆಲಕ್ಕೆ ಕಿವಿಗೊಟ್ಟು ಕೂರಬೇಕು. ಅದಕ್ಕೆಂದು 1965ರಲ್ಲಿ ನಮ್ಮ ಅಣುಶಕ್ತಿ ಸಂಸ್ಥೆಯವರು ಬ್ರಿಟಿಷರ ಸಹಕಾರದಿಂದ ಗೌರಿಬಿದನೂರಿನಲ್ಲಿ ಭೂಕಂಪಮಾಪಕಗಳ ಒಂದು ವ್ಯೂಹವನ್ನು ಸ್ಥಾಪಿಸಿದರು. ಸುಮಾರು 25 ಕಿಲೋಮೀಟರು ಉದ್ದದ ಎರಡು ತೋಳುಗಳು. ಎರಡೂ ಸೇರಿ ಬಡಗಿಯ ಮೂಲೆಮಟ್ಟದ ಆಕಾರ. ಅವುಗಳ ಉದ್ದಕ್ಕೂ ಹೊಲಗಳ ನಡುವೆ ಹೂಳಿಟ್ಟ 20 ಮಾಪಕಗಳು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯದ ವಾರಮುಂಗಾಗಳಲ್ಲಿ ಇಂಥವೇ ವ್ಯೂಹಗಳು ಏರ್ಪಟ್ಟಿವೆ. ಆ ಸಾಲಿನಲ್ಲಿ ನಮ್ಮ ನೆರೆಯ ಊರು! ಸಮುದ್ರದ ಅಬ್ಬರಕ್ಕೆ ದೂರವಾಗಿ, ಅಲುಗದ ಗಟ್ಟಿ ಪುರಾತನ ಶಿಲೆಯ ಮೇಲೆ ಇರುವುದೇ ಈ ಪ್ರದೇಶದ ಗುಣ. ಸಾವಿರಾರು ಮೈಲಿ ದೂರದ ಸ್ಫೋಟದ ಸಣ್ಣ ನಡುಕವೂ ಇಲ್ಲಿ ಸ್ಪಷ್ಟವಾಗಿ ದಾಖಲಾಗುತ್ತದೆ. ಸಾಲದೆಂದು 1976ರಲ್ಲಿ ಅದೇ ತಾಲ್ಲೂಕಿನಲ್ಲಿ ರೇಡಿಯೋ ದೂರದರ್ಶಕವೊಂದು ನಿಂತಿತು. 1997ರಿಂದ ಸೂರ್ಯನ ರೇಡಿಯೋ ಅಲೆಗಳನ್ನೂ ಅಲ್ಲಿ ಹಿಡಿಯುತ್ತಿದ್ದಾರೆ.

ಇದು ಹೆಮ್ಮೆಯ ಸಂಗತಿಯೇ ಸರಿ. ಆದರೆ ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ನೆನಪಾಗದಿರದು. ಭೂಮಿಯ ಆಚೆ ಮಗ್ಗುಲಲ್ಲಿ ಬಾಂಬು ಸಿಡಿದರೆ ಗೌರಿಬಿದನೂರಿಗೆ ಕೇಳುತ್ತದೆ. ಅಲ್ಲಿಂದ ಕೂಗಳತೆಯಲ್ಲಿರುವ ನಮ್ಮ ಹಳ್ಳಿಯ ಹೊಲದಡಿಯಲ್ಲಿ ನೀರು ಎಷ್ಟು ಅಡಿಗೆ ಇಳಿಯಿತು ಎಂದು ಕೇಳುವ ಕಿವಿ ಯಾವುದು? ಚಿನ್ನಕ್ಕಾಗಿ ಒಂದು ಶಾಸ್ತ್ರ ಬಂತು, ಬಾಂಬಿಗಾಗಿ ಒಂದು ಶಾಸ್ತ್ರ ಬಂತು. ನೀರಿಗಾಗಿ ಬರಬೇಕಾದ ಶಾಸ್ತ್ರ ನಮ್ಮ ಸೀಮೆಯ ಹೊಸ್ತಿಲು ತುಳಿಯಲಿಲ್ಲ.

ನಮ್ಮ ಹಿರಿಯರು ನೀರಿನ ವಿಷಯದಲ್ಲಿ ಅಜ್ಞಾನಿಗಳಾಗಿರಲಿಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ ತಲಪರಿಗೆ ಎಂಬ ಮಾತನ್ನು ಕೇಳದವರಿಲ್ಲ. ಹಳ್ಳದ ಮರಳಿನಲ್ಲೋ, ಕೆರೆಯ ಮಗ್ಗುಲ ತಗ್ಗಿನಲ್ಲೋ ಕೆಲವೇ ಅಡಿ ತೋಡಿದರೆ ಒಸರುವ ಊಟೆ. ಅದನ್ನು ಕಾಲುವೆಯಲ್ಲಿ ಹಾಯಿಸಿ ಗದ್ದೆ ಬೆಳೆಯುವುದು. ವರ್ಷಕ್ಕೊಮ್ಮೆ ಊರವರೆಲ್ಲ ಸೇರಿ ಹೂಳು ತೆಗೆಯುವುದು. ನೀರನ್ನು ಸರದಿಯ ಮೇಲೆ ಹಂಚಿಕೊಳ್ಳುವುದು. ಕೆರೆ ಬತ್ತಿದ ವರ್ಷವೂ ತಲಪರಿಗೆ ಜಿನುಗುತ್ತಿತ್ತು. ಇದರ ಗುಟ್ಟು ಕಲ್ಲಿನಲ್ಲಿದೆ. ಗಟ್ಟಿ ಗ್ರಾನೈಟಿನಲ್ಲಿ ನೀರು ನಿಲ್ಲಲು ನೂರರಲ್ಲಿ ಒಂದು ಪಾಲಿನಷ್ಟೂ ಎಡೆ ಇರುವುದಿಲ್ಲ. ಆದರೆ ಮೇಲಣ ಭಾಗ ಯುಗಯುಗಾಂತರದ ಮಳೆಬಿಸಿಲಿಗೆ ಶಿಥಿಲವಾಗಿ ಗರಸಾಗಿರುತ್ತದೆ. ಈ ಗರಸೇ ನಮ್ಮ ನಿಜವಾದ ಜಲಾಶಯ. ಮಳೆಯ ನೀರು ಅದರಲ್ಲಿ ಇಂಗಿ, ಮೆಲ್ಲನೆ ಜರುಗಿ, ತಗ್ಗಿನಲ್ಲಿ ಊಟೆಯಾಗಿ ಹೊರಬೀಳುತ್ತದೆ. ಅದರ ಕೆಳಗಿರುವುದು ಬರೇ ಬಂಡೆ, ಅಲ್ಲಲ್ಲಿ ಬಿರುಕು, ಬಿರುಕಿನಲ್ಲಿ ಇದ್ದಷ್ಟು ನೀರು. ಪಾತಾಳದಲ್ಲಿ ಗಂಗೆ ಹರಿಯುತ್ತಿದ್ದಾಳೆ, ಆಳಕ್ಕೆ ಹೋದಷ್ಟೂ ಸಿಕ್ಕುತ್ತಾಳೆ ಎಂಬ ನಂಬಿಕೆಗೆ ನಮ್ಮ ಸೀಮೆಯ ಕಲ್ಲಿನಲ್ಲಿ ಆಧಾರವಿಲ್ಲ.

ಆದರೂ ಆ ನಂಬಿಕೆಯ ಮೇಲೆಯೇ ಕಳೆದ ಐವತ್ತು ವರ್ಷಗಳ ನಮ್ಮ ಬೇಸಾಯ ನಡೆದಿದೆ. ಕಪಿಲೆ ಹೋಗಿ ಪಂಪುಸೆಟ್ಟು ಬಂತು, ತೋಡುಬಾವಿ ಹೋಗಿ ಕೊಳವೆಬಾವಿ ಬಂತು. ಇನ್ನೂರು ಅಡಿ ಐನೂರಾಯಿತು, ಐನೂರು ಸಾವಿರವಾಯಿತು. ಗರಸಿನ ನೀರು ಬರಿದಾದ ಮೇಲೆ ತಲಪರಿಗೆಗಳು ಒಂದೊಂದಾಗಿ ಬತ್ತಿದವು. ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ಕೊರಟಗೆರೆ, ಮಧುಗಿರಿಗಳು ಅತಿಬಳಕೆಯ ತಾಲ್ಲೂಕುಗಳ ಪಟ್ಟಿಗೆ ಸೇರಿವೆ. ಅಂದರೆ ಮಳೆ ತುಂಬಿಕೊಟ್ಟದ್ದಕ್ಕಿಂತ ಹೆಚ್ಚನ್ನು ನಾವು ಪ್ರತಿವರ್ಷ ಎತ್ತುತ್ತಿದ್ದೇವೆ.

ಬೋರ್‌ವೆಲ್ ಲಾರಿ ಊರಿಗೆ ಬಂದ ರಾತ್ರಿಯನ್ನು ನೆನೆಯಿರಿ. ತೆಂಗಿನಕಾಯಿ ಅಂಗೈಯಲ್ಲಿಟ್ಟುಕೊಂಡೋ ಬೇವಿನ ಕವಲುಕಡ್ಡಿ ಹಿಡಿದೋ ನೀರು ತೋರಿಸುವವರು ಜಾಗ ಗೊತ್ತುಮಾಡಿರುತ್ತಾರೆ. ಪೂಜೆಯಾಗುತ್ತದೆ. ಯಂತ್ರ ಕೊರೆಯತೊಡಗಿದರೆ ಮೊದಲು ಕೆಂಪು ಮಣ್ಣು, ಆಮೇಲೆ ಗರಸು, ಆಮೇಲೆ ಬಿಳಿಯ ಪುಡಿ, ಕರಿಯ ಪುಡಿ ಹಾರುತ್ತದೆ. ಎಲ್ಲೋ ಒಂದೆಡೆ ‘ಗ್ಯಾಪ್ ಸಿಕ್ಕಿತು’ ಎಂಬ ಕೂಗು ಏಳುತ್ತದೆ. ಎರಡಿಂಚು ನೀರು ಬಂದರೆ ಮನೆಯಲ್ಲಿ ಹಬ್ಬ. ಬಾರದಿದ್ದರೆ ಬೆಳಗಿನ ಜಾವಕ್ಕೆ ಲಾರಿ ಹೊರಟುಹೋಗುತ್ತದೆ. ಉಳಿಯುವುದು ಬೂದಿಯಂಥ ಕಲ್ಲುಪುಡಿ ಮತ್ತು ಸಾಲ. ಈಗ ವಿಚಾರಮಾಡಿ. ಆ ರಾತ್ರಿ ನಡೆದದ್ದು ಒಂದು ವೈಜ್ಞಾನಿಕ ಪ್ರಯೋಗ. ಸಾವಿರ ಅಡಿಯವರೆಗೆ ಈ ಜಾಗದಲ್ಲಿ ಯಾವ ಕಲ್ಲು ಎಷ್ಟು ದಪ್ಪ ಇದೆ, ಬಿರುಕು ಎಲ್ಲಿದೆ, ನೀರು ಎಷ್ಟಿದೆ ಎಂಬುದೆಲ್ಲ ಬಯಲಾಯಿತು. ಇಂಥ ಒಂದು ರಂಧ್ರವನ್ನು ಸರ್ಕಾರದ ಸಂಸ್ಥೆಯೊಂದು ಕೊರೆಯಬೇಕಾದರೆ ಕಡತ ಸಿದ್ಧವಾಗಿ, ಮಂಜೂರಾತಿ ಬಂದು, ವರ್ಷಗಳೇ ಹಿಡಿಯುತ್ತವೆ. ನಮ್ಮ ರೈತ ತನ್ನ ಹೆಂಡತಿಯ ಸರ ಒತ್ತೆಯಿಟ್ಟು ಆ ಪ್ರಯೋಗವನ್ನು ಮಾಡಿದ್ದಾನೆ. ಅದರ ಫಲಿತಾಂಶವನ್ನು ಬರೆದಿಟ್ಟುಕೊಂಡವರು ಯಾರೂ ಇಲ್ಲ. ಮಳೆ ಬಂದಾಗ ಆ ಪುಡಿ ಹೊಲದಲ್ಲಿ ಕೊಚ್ಚಿಹೋಗುತ್ತದೆ; ಮುಂದಿನ ವರ್ಷ ಪಕ್ಕದ ಹೊಲದವನು ಅದೇ ಬಂಡೆಯನ್ನು ಅದೇ ಆಳಕ್ಕೆ ಅದೇ ಸಾಲದಲ್ಲಿ ಮತ್ತೆ ಕೊರೆಸುತ್ತಾನೆ. ಇದಕ್ಕಿಂತ ದುಬಾರಿಯಾದ ಅಜ್ಞಾನ ಇನ್ನೊಂದುಂಟೆ?

ನೀರು ಸಿಕ್ಕಿದರೂ ದುಃಖ ತೀರಿತೆಂದಲ್ಲ. ಗ್ರಾನೈಟಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಅಡಗಿದೆ. ನೀರು ಕಲ್ಲಿನೊಡನೆ ಹೆಚ್ಚು ಕಾಲ ಇದ್ದಷ್ಟೂ ಅದು ಹೆಚ್ಚು ಕರಗುತ್ತದೆ. ಲೀಟರಿಗೆ ಒಂದು ಮಿಲಿಗ್ರಾಮು ಇರಬಹುದು, ಬೇರೆ ನೀರೇ ಇಲ್ಲವಾದರೆ ಒಂದೂವರೆಯವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ನಿಯಮ. ಪಾವಗಡದ ಎಷ್ಟೋ ಹಳ್ಳಿಗಳಲ್ಲಿ ಈ ಮಿತಿ ಮೀರಿತು. ಮಕ್ಕಳ ಹಲ್ಲು ಮೂಡುವ ಮುನ್ನವೇ ಕಲೆ ಹಿಡಿಯುತ್ತದೆ, ಆ ಕಲೆ ಜೀವಮಾನವೆಲ್ಲ ಹೋಗುವುದಿಲ್ಲ. ದೊಡ್ಡವರ ಮೂಳೆ ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಭಾರತದಲ್ಲಿ ಈ ಪಿಡುಗನ್ನು ವೈದ್ಯರು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ. ದೇವರಾಯನದುರ್ಗದಲ್ಲಿ ಹುಟ್ಟಿ ನಮ್ಮ ಸೀಮೆಯಲ್ಲಿ ಹರಿಯುವ ಜಯಮಂಗಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ, ಉತ್ತರ ಪಿನಾಕಿನಿ ಕಡಲನ್ನು ಸೇರುವುದೂ ಆ ನೆಲ್ಲೂರಿನ ಬಳಿಯೇ. ನದಿಯ ಆ ತುದಿಯಲ್ಲಿ ತಿಳಿದದ್ದು ಈ ತುದಿಯ ಹಳ್ಳಿಗಳಿಗೆ ಮುಟ್ಟಲು ಎಷ್ಟು ಕಾಲ ಹಿಡಿಯಿತೆಂದು ಎಣಿಸಿದರೆ ವ್ಯಸನವಾಗುತ್ತದೆ. ಈಗ ಊರೂರಿಗೆ ಶುದ್ಧ ನೀರಿನ ಘಟಕಗಳಾಗಿವೆ; ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುತ್ತೇವೆ. ಒಳ್ಳೆಯದೇ. ಆದರೆ ಆ ಯಂತ್ರ ಸೋಸಿ ಚೆಲ್ಲುವ ಗಡಸು ನೀರು ಚರಂಡಿಯಿಂದ ಎಲ್ಲಿಗೆ ಹೋಗುತ್ತದೆ, ಮತ್ತೆ ಯಾರ ಬಾವಿಗೆ ಇಳಿಯುತ್ತದೆ ಎಂದು ಅಳೆದು ನೋಡುವವರು ಬೇಡವೇ?

ಸಂಸ್ಥೆ ಬೇಕೆಂದರೆ ಕೇಳಿಬರುವ ಆಕ್ಷೇಪಗಳು ಎರಡು. ಬೆಂಗಳೂರು ನೂರು ಕಿಲೋಮೀಟರಿನ ಒಳಗೇ ಇದೆ, ಅಲ್ಲಿ ಸಂಸ್ಥೆಗಳು ಬೇಕಾದಷ್ಟಿವೆ ಎಂಬುದು ಮೊದಲನೆಯದು. ಇದಕ್ಕೆ ಉತ್ತರವನ್ನು ಬೇರೆಯವರು ಕೊಟ್ಟಿದ್ದಾರೆ. ಹಿಮಾಲಯದ ಭೂಗರ್ಭವನ್ನು ಅಭ್ಯಸಿಸಲು 1968ರಲ್ಲಿ ದೆಹಲಿಯಲ್ಲಿ ಒಂದು ಸಂಸ್ಥೆ ಹುಟ್ಟಿತು. ಹಿಮಾಲಯವನ್ನು ದೆಹಲಿಯಲ್ಲಿ ಕುಳಿತು ಓದಲಾಗದೆಂದು 1976ರಲ್ಲಿ ಅದು ಪರ್ವತದ ಬುಡದ ಡೆಹರಾಡೂನಿಗೆ ಹೋಯಿತು; ಅದೇ ಇಂದಿನ ವಾಡಿಯಾ ಸಂಸ್ಥೆ. ಕೇರಳ ಸರ್ಕಾರ ತನ್ನ ಕಡಲಕೊರೆತ, ತನ್ನ ನದಿ, ತನ್ನ ಬೆಟ್ಟಗಳ ಸಲುವಾಗಿ 1978ರಲ್ಲಿ ತಿರುವನಂತಪುರದಲ್ಲಿ ಭೂವಿಜ್ಞಾನ ಕೇಂದ್ರವೊಂದನ್ನು ತಾನೇ ತೆರೆಯಿತು. ಅದು ಬೆಳೆದು 2014ರಲ್ಲಿ ರಾಷ್ಟ್ರೀಯ ಸಂಸ್ಥೆಯಾಯಿತು. ನಮ್ಮ ರಾಜ್ಯದಲ್ಲಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಫ್ರೆಂಚ್ ವಿಜ್ಞಾನಿಗಳೊಡನೆ ಸೇರಿ ಬಂಡೀಪುರದ ಮೂಲೆಹೊಳೆಯಲ್ಲೂ ಗುಂಡ್ಲುಪೇಟೆಯ ಬೇರಂಬಾಡಿಯಲ್ಲೂ ಒಂದೊಂದು ಸಣ್ಣ ಹಳ್ಳದ ಜಾಡನ್ನು ಹಿಡಿದು, ಮಳೆ ಎಷ್ಟು, ಹರಿದದ್ದೆಷ್ಟು, ಮರ ಕುಡಿದದ್ದೆಷ್ಟು, ಇಂಗಿದ್ದೆಷ್ಟು ಎಂದು ವರ್ಷಗಟ್ಟಲೆ ಅಳೆಯುತ್ತ ಬಂದಿದ್ದಾರೆ. ಗುಂಡ್ಲುಪೇಟೆಗೆ ಸಾಧ್ಯವಾದದ್ದು ಜಯಮಂಗಲಿಯ ದಂಡೆಗೆ ಏಕೆ ಸಾಧ್ಯವಾಗಬಾರದು?

ಇಲಾಖೆಗಳು ಈಗಾಗಲೇ ಇವೆಯಲ್ಲ ಎಂಬುದು ಎರಡನೆಯ ಆಕ್ಷೇಪ. ಇವೆ; ಕೆಲಸವನ್ನೂ ಮಾಡುತ್ತಿವೆ. 1988ರಲ್ಲಿ ನಮ್ಮ ರಾಜ್ಯ ಬರ ನಿರ್ವಹಣೆಗೆಂದು ಪ್ರತ್ಯೇಕ ಘಟಕ ತೆರೆಯಿತು. ಇಂದು ಅದರ ಉತ್ತರಾಧಿಕಾರಿ ಸಂಸ್ಥೆ ಗ್ರಾಮಪಂಚಾಯಿತಿಗೊಂದರಂತೆ ಮಳೆಮಾಪಕಗಳನ್ನಿಟ್ಟು ಲೆಕ್ಕ ಕೊಡುತ್ತಿದೆ. ಅಂತರ್ಜಲದ ಕಾಯಿದೆಯೂ 2011ರಿಂದ ಇದೆ. ಆದರೆ ಇಲಾಖೆಯ ಧರ್ಮ ಬೇರೆ, ಸಂಶೋಧನೆಯ ಧರ್ಮ ಬೇರೆ. ಇಲಾಖೆ ಅನುಮತಿ ಕೊಡುತ್ತದೆ, ಅಂಕಿ ಸೇರಿಸುತ್ತದೆ, ಬರ ಬಂದರೆ ಟ್ಯಾಂಕರು ಕಳಿಸುತ್ತದೆ. ಹೀಗೇಕಾಯಿತು ಎಂದು ಹತ್ತು ವರ್ಷ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಕೂರುವ ವ್ಯವಧಾನ ಅದಕ್ಕಿರುವುದಿಲ್ಲ. ಆ ವ್ಯವಧಾನಕ್ಕೇ ಸಂಸ್ಥೆ ಎಂದು ಹೆಸರು. ಮೇಲಿಂದ ಬೀಳುವ ಮಳೆಗೆ ಲೆಕ್ಕ ಬಂತು. ಕೆಳಗೆ ಇಳಿಯುವ ನೀರಿಗೆ ಊರೂರಿನ ಲೆಕ್ಕ ಇನ್ನೂ ಬರಬೇಕು. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆ ಹೊಲ ಗುತ್ತಿಗೆಗೆ ಹೋಗಿ, 2018ರಿಂದ ಅಲ್ಲಿ ಬಿಸಿಲಿನಿಂದ ವಿದ್ಯುತ್ತು ಬೆಳೆಯುತ್ತಿದ್ದಾರೆ. ಅದರ ಸಾಮರ್ಥ್ಯ 2,050 ಮೆಗಾವಾಟ್. ಅಷ್ಟು ನೆಲಕ್ಕೆ ಗಾಜು ಹೊದಿಸಿದ ಮೇಲೆ ಅಲ್ಲಿನ ಮಳೆನೀರು ಹೇಗೆ ಹರಿಯುತ್ತದೆ, ಮಣ್ಣು ಹೇಗಾಗುತ್ತದೆ, ಗುತ್ತಿಗೆ ಮುಗಿದ ದಿನ ಮಕ್ಕಳ ಕೈಗೆ ಎಂಥ ಹೊಲ ಮರಳುತ್ತದೆ - ಇವೂ ವ್ಯವಧಾನ ಬೇಡುವ ಪ್ರಶ್ನೆಗಳೇ.

ಇಷ್ಟು ಹೇಳಿದ ಮೇಲೆ ಒಂದು ಕಹಿ ಮಾತನ್ನೂ ಹೇಳಬೇಕು. ಸಂಸ್ಥೆ ಬಂದರೆ ನೀರು ಬಂದೀತೆಂದು ಯಾರೂ ತಿಳಿಯಬಾರದು. ಶಾಸ್ತ್ರಕ್ಕೆ ನೀರನ್ನು ಸೃಷ್ಟಿಸುವ ಶಕ್ತಿಯಿಲ್ಲ. ಇರುವುದನ್ನು ಇದ್ದಂತೆ ಹೇಳುವುದಷ್ಟೇ ಅದರ ಕೆಲಸ. ಅದು ಮೊದಲು ಹೇಳುವ ಮಾತೇ ನಮಗೆ ರುಚಿಸದೆ ಹೋಗಬಹುದು. ಈ ಹಳ್ಳಿಯ ನೆಲದಡಿಯಲ್ಲಿ ಇಷ್ಟು ಎಕರೆ ಅಡಕೆಗೆ ಸಾಲುವ ನೀರಿಲ್ಲ. ಈ ಬಯಲಿನಲ್ಲಿ ಇನ್ನೊಂದು ಬೋರು ಹಾಕಿಸಿದರೆ ಅದು ಹೊಸ ನೀರಲ್ಲ, ಪಕ್ಕದವರ ನೀರು. ಇಲ್ಲಿ ರಾಗಿ, ಕಡಲೇಕಾಯಿ, ಹುಣಿಸೆಗಳೇ ಬಾಳುತ್ತವೆ ಎಂದು ಅದು ಹೇಳೀತು. ಆಗ ನಾವು ಏನು ಮಾಡುತ್ತೇವೆ? ತೆಂಗಿನಕಾಯಿ ಹಿಡಿದವರು ‘ಇದೆ’ ಎಂದರೆ ಕೇಳುತ್ತೇವೆ. ಶಾಸ್ತ್ರ ತಿಳಿದವರು ‘ಇಲ್ಲ’ ಎಂದರೆ ಕೇಳುತ್ತೇವೆಯೇ? ಇಲ್ಲವೆಂಬ ಮಾತನ್ನು ಸಾಲ ಮಾಡುವ ಮೊದಲೇ ಕೇಳಿಸಿಕೊಳ್ಳುವ ಧೈರ್ಯ ಬಂದರೆ ಆ ಸಂಸ್ಥೆಯ ಖರ್ಚು ಮೊದಲ ವರ್ಷದಲ್ಲೇ ಹುಟ್ಟಿತೆಂದು ತಿಳಿಯಬಹುದು.

ಕಟ್ಟಡ ಏಳುವವರೆಗೆ, ಹಣ ಮಂಜೂರಾಗುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಕಲಾ ವಿದ್ಯಾರ್ಥಿಗಳಿಂದ ಆಗತಕ್ಕ ಕೆಲಸ ಬಹಳ ಇದೆ. ಕೆಲವು ಅವರಿಂದಲೇ ಆಗತಕ್ಕವು. ನಮ್ಮ ಕಾಲೇಜಿಗೆ ಹತ್ತಾರು ಹಳ್ಳಿಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ತಮ್ಮ ಊರಿನಲ್ಲಿ ಬೋರು ಕೊರೆದ ದಿನ ಒಬ್ಬೊಬ್ಬರು ಒಂದು ನೋಟುಪುಸ್ತಕ ಹಿಡಿದು ನಿಂತರೆ ಸಾಕು: ಎಲ್ಲಿ ಕೊರೆದರು, ಎಷ್ಟು ಅಡಿಗೆ ಮಣ್ಣು ಮುಗಿಯಿತು, ಎಷ್ಟಕ್ಕೆ ಗರಸು, ಕೇಸಿಂಗ್ ಪೈಪು ಎಷ್ಟು ಇಳಿಯಿತು, ಗ್ಯಾಪು ಎಲ್ಲಿ ಸಿಕ್ಕಿತು, ನೀರು ಎಷ್ಟಿಂಚು. ಫೇಲಾದ ಬೋರನ್ನು ಮೊದಲು ಬರೆಯಬೇಕು, ಏಕೆಂದರೆ ಅದನ್ನು ಮರೆಯುವ ಆತುರ ಎಲ್ಲರಿಗೂ ಇರುತ್ತದೆ. ಇತಿಹಾಸದ ವಿದ್ಯಾರ್ಥಿಗಳು ಕೆರೆ ಕಟ್ಟಿಸಿದ ಶಾಸನಗಳನ್ನು ಹುಡುಕಲಿ. ಬತ್ತಿದ ತಲಪರಿಗೆಗಳು ಎಲ್ಲೆಲ್ಲಿದ್ದವು, ಯಾವ ಬರದಲ್ಲಿ ಕೊನೆಯದಾಗಿ ಜಿನುಗಿದವು ಎಂದು ಅಜ್ಜಂದಿರನ್ನು ಕೇಳಿ ಬರೆದುಕೊಳ್ಳಲಿ. ಆ ಅಜ್ಜಂದಿರು ಇನ್ನು ಬಹಳ ವರ್ಷ ಇರುವವರಲ್ಲ. ಅರ್ಥಶಾಸ್ತ್ರದವರು ಒಂದು ಊರಿನ ಕೊಳವೆಬಾವಿಗಳ ಸಾಲವನ್ನು ಕೂಡಿ ನೋಡಲಿ. ಕನ್ನಡದವರು ಮಣ್ಣಿಗೆ, ಕಲ್ಲಿಗೆ, ಊಟೆಗೆ ನಮ್ಮ ಸೀಮೆಯಲ್ಲಿರುವ ಮಾತುಗಳನ್ನು ಆಯ್ದಿಡಲಿ. ನಾಳೆ ಬರುವ ವಿಜ್ಞಾನಿ ರೈತನೊಡನೆ ಮಾತಾಡಬೇಕಾದದ್ದು ಆ ಮಾತುಗಳಲ್ಲಿ.

ಐದು ವರ್ಷ ಹೀಗೆ ನಡೆದರೆ ಗ್ರಂಥಾಲಯದ ಒಂದು ಬೀರುವಿನಲ್ಲಿ ಈ ಸೀಮೆಯ ನೆಲದಡಿಯ ಚರಿತ್ರೆ ತಕ್ಕಮಟ್ಟಿಗೆ ಶೇಖರವಾಗುತ್ತದೆ. ಸಂಸ್ಥೆಯನ್ನು ಕೇಳಲು ಸರ್ಕಾರದ ಬಳಿಗೆ ಹೋಗುವಾಗ ಬರಿಗೈಯಲ್ಲಿ ಹೋಗುವುದಕ್ಕೂ ಆ ಪುಸ್ತಕಗಳನ್ನು ಹೊತ್ತು ಹೋಗುವುದಕ್ಕೂ ವ್ಯತ್ಯಾಸವಿದೆ. ಬಾಯಾರಿದಾಗ ಬಾವಿ ತೋಡಬಾರದೆಂದು ಹಿರಿಯರು ಹೇಳಿದ್ದಾರೆ. ನಾವು ಬಾಯಾರಿ ಬಹಳ ಕಾಲವಾಯಿತು, ತೋಡಿದ್ದೂ ಬಹಳವಾಯಿತು. ಇನ್ನು ತೋಡುವ ಮೊದಲು ತಿಳಿಯೋಣ. ಬರುವ ಬೇಸಗೆಯಲ್ಲಿ ನಮ್ಮ ಹಳ್ಳಿಗಳಿಗೆ ಲಾರಿ ಬಂದೇ ಬರುತ್ತದೆ. ಅಂದು ಅದರ ಪಕ್ಕದಲ್ಲಿ ನೋಟುಪುಸ್ತಕ ಹಿಡಿದ ನಮ್ಮ ವಿದ್ಯಾರ್ಥಿಯೊಬ್ಬ ನಿಂತಿರಲಿ ಎಂಬುದಿಷ್ಟೇ ನನ್ನ ವಿನಂತಿ.